ದಶಲಕ್ಷಣ ಪರ್ವಕ್ಕೆ ಮುನ್ನವೇ ಗೊತ್ತಿರಬೇಕಾದ ಊರಿನ ವೈದ್ಯರು

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವ ಆರಂಭವಾಗುತ್ತದೆ. ಮನೆಯ ಹಿರಿಯರು ಉಪವಾಸ ಇಲ್ಲವೇ ಏಕಾಶನದ ನಿಯಮ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ಅನ್ನು ಎಂದಿನ ಪ್ರಮಾಣದಲ್ಲೇ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧವನ್ನೇ ತಾವಾಗಿ ನಿಲ್ಲಿಸಿದರೆ ವಿಪರೀತ ಏರಬಹುದು. ಪ್ರಮಾಣ ಬದಲಿಸಬೇಕಾದವರು ರೋಗಿಯನ್ನು ಬಲ್ಲ ವೈದ್ಯರು. ಅಂತಹವರನ್ನು ಪರ್ವದ ಹಿಂದಿನ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ.

ಹಿಂದೆ ಊರಿಗೊಬ್ಬ ಕುಟುಂಬ ವೈದ್ಯರಿದ್ದ ಜಾಗದಲ್ಲಿ ಈಗ ಪಾಲಿಕ್ಲಿನಿಕ್‌ಗಳು ಬಂದಿವೆ. ಹಲವು ವೈದ್ಯರು ಒಂದೇ ಸೂರಿನಡಿ ಕೂರುತ್ತಾರೆ. ಪ್ರಯೋಗಾಲಯ, ಔಷಧದಂಗಡಿಗಳೂ ಅಲ್ಲೇ ಇರುತ್ತವೆ. ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಸಿಗುತ್ತಾರೆ ಎಂಬುದೇ ಇದರ ದೊಡ್ಡ ಅನುಕೂಲ. ಆದರೆ ಸಣ್ಣ ಪಟ್ಟಣಗಳಲ್ಲಿ ಫಲಕದ ಮೇಲಿನ ತಜ್ಞರೆಲ್ಲ ದಿನವೂ ಬರುವವರಲ್ಲ. ದೊಡ್ಡ ನಗರದಿಂದ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುವವರೇ ಹೆಚ್ಚು. ಯಾರು ಯಾವ ದಿನ ಬರುತ್ತಾರೆ, ಅವರಿಲ್ಲದ ದಿನ ಯಾರನ್ನು ಕೇಳಬೇಕು, ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕೈಗೆ ಸಿಗುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕು. ದಾಖಲೆ ಒಂದೆಡೆ ಇರದಿದ್ದರೆ ಅದು ಒಂದೇ ಕಟ್ಟಡದಲ್ಲಿರುವ ಬೇರೆ ಬೇರೆ ಕ್ಲಿನಿಕ್‌ಗಳಷ್ಟೇ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ವೈದ್ಯರ ನೋಂದಣಿ ಸಂಖ್ಯೆ ಔಷಧ ಚೀಟಿಯಲ್ಲೂ ಇರಬೇಕು. ಅಲೋಪತಿ ವೈದ್ಯರಾದರೆ ಅದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಬಸದಿಯ ಅಂಗಳದಲ್ಲಿ ಸಿಗುವ "ಕೈಗುಣ ಒಳ್ಳೆಯದು" ಎಂಬ ಶಿಫಾರಸಿಗೆ ಬೆಲೆಯಿದೆ, ನಿಜ. ಆದರೆ ನೋಂದಣಿ ನೋಡುವುದು ಎರಡು ನಿಮಿಷದ ಕೆಲಸ, ಅದನ್ನು ಬಿಡಬಾರದು.

ಶ್ರಾವಕರು ವೈದ್ಯರ ಮುಂದೆ ಹೇಳಲು ಸಂಕೋಚಪಡುವ ವಿಷಯವೊಂದಿದೆ: ಸೂರ್ಯಾಸ್ತದ ನಂತರ ಏನನ್ನೂ ಸೇವಿಸುವುದಿಲ್ಲ ಎಂಬುದು. ಹೇಳದಿದ್ದರೆ ವೈದ್ಯರು "ರಾತ್ರಿ ಊಟದ ನಂತರ" ಎಂದೇ ಬರೆಯುತ್ತಾರೆ, ಮನೆಯಲ್ಲಿ ಆ ಮಾತ್ರೆ ಹಾಗೇ ಉಳಿಯುತ್ತದೆ. ಹೇಳಿದರೆ ಎಷ್ಟೋ ಔಷಧಗಳ ಹೊತ್ತನ್ನು ಸಂಜೆಗೆ ತರಲು ಸಾಧ್ಯ. ಕ್ಯಾಪ್ಸೂಲ್‌ಗಳದ್ದೂ ಇದೇ ಕಥೆ. ಅವುಗಳ ಹೊರಕವಚ ಸಾಮಾನ್ಯವಾಗಿ ಜೆಲಟಿನ್‌ನದು; ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಾಗುತ್ತದೆ. ಸಸ್ಯಮೂಲದ ಸೆಲ್ಯುಲೋಸ್ ಕವಚದ ಕ್ಯಾಪ್ಸೂಲ್‌ಗಳೂ ಇವೆ. ಅದೇ ಔಷಧ ಮಾತ್ರೆ ಅಥವಾ ಸಿರಪ್ ರೂಪದಲ್ಲಿ ಸಿಗುವುದೂ ಉಂಟು. ಕವಚ ಬಿಡಿಸಿ ಒಳಗಿನ ಪುಡಿಯನ್ನಷ್ಟೇ ನುಂಗುವ ರೂಢಿ ಮಾತ್ರ ಸರಿಯಲ್ಲ. ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಲೇ ದೇಹ ಸೇರಬಹುದು, ಇಲ್ಲವೇ ಹೊಟ್ಟೆಯ ಆಮ್ಲದಲ್ಲೇ ಕೆಡಬಹುದು. ಆಯುರ್ವೇದದ ಲೇಹ್ಯ ಕೊಳ್ಳುವವರು ಜೇನು ಇದೆಯೇ ಎಂದು ನೋಡಿಕೊಳ್ಳಬೇಕು.

ಉಪವಾಸದ ದಿನ ಬೆವರು, ನಡುಕ, ಮಂಕು ಕಾಣಿಸಿಕೊಂಡರೆ ಕೂಡಲೇ ಸಕ್ಕರೆ ಪರೀಕ್ಷಿಸಬೇಕು. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಸಕ್ಕರೆ ನೀರು ಕೊಡಬೇಕಾಗುತ್ತದೆ; ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ವ್ರತ ಹಿಡಿಯುವವರು ನಿಯಮ ತೆಗೆದುಕೊಳ್ಳುವಾಗಲೇ ಗುರುಗಳೊಂದಿಗೂ ವೈದ್ಯರೊಂದಿಗೂ ಮಾತಾಡಿ ಮನೆಯವರಿಗೆ ತಿಳಿಸಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ, ಔಷಧ ಚೀಟಿಯನ್ನು ಕೈಯಲ್ಲಿ ಹಿಡಿದೇ ಆಂಬುಲೆನ್ಸ್ ಹತ್ತಬೇಕು.