ಕರೆಂಟ್ ಹೋಯ್ತು, ವಾಚ್‌ಮನ್ ಇಲ್ಲ... ಜನರೇಟರ್ ನೀವೇ ಸ್ಟಾರ್ಟ್ ಮಾಡಿ!

ಮಧ್ಯಾಹ್ನ ಮೂರು ಗಂಟೆ. ಕರೆಂಟ್ ಹೋಯ್ತು. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟ್ ನಿಂತುಬಿಟ್ಟಿದೆ. ಒಳಗೆ ತರಕಾರಿ ಚೀಲ ಹಿಡಿದ ಅಜ್ಜಿ, ಜೊತೆಗೆ ಸ್ಕೂಲಿನಿಂದ ಬಂದ ಮೊಮ್ಮಗ. ವಾಚ್‌ಮನ್ ಊರ ಜಾತ್ರೆಗೆ ಹೋಗಿದ್ದಾನೆ. ಗಂಡಸರೆಲ್ಲ ಆಫೀಸಿನಲ್ಲಿ. ‘ಯಾರಾದ್ರೂ ಜನರೇಟರ್ ಆನ್ ಮಾಡ್ರೀ’ ಎನ್ನುತ್ತಾ ನಾಲ್ಕು ಮನೆಯ ಗೃಹಿಣಿಯರು ಕೆಳಗೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೀಲಿ ಕೈಯಲ್ಲೇ ಇದೆ. ತಿರುಗಿಸೋಕೆ ಧೈರ್ಯ ಇಲ್ಲ!

ಎಂಟು-ಹತ್ತು ಮನೆಗಳ ಚಿಕ್ಕ ಅಪಾರ್ಟ್‌ಮೆಂಟುಗಳಲ್ಲಿ ಇದೇನೂ ಹೊಸ ದೃಶ್ಯವಲ್ಲ. ಮಿಕ್ಸಿ, ವಾಷಿಂಗ್ ಮಷೀನ್, ಸ್ಕೂಟರ್ ಎಲ್ಲವನ್ನೂ ಸಲೀಸಾಗಿ ನಿಭಾಯಿಸುವ ನಮಗೆ ಕೆಳಗಿರುವ ಡೀಸೆಲ್ ಜನರೇಟರ್ ಮಾತ್ರ ಯಾಕೆ ಗುಮ್ಮ? ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಮೊದಲು ಎಣ್ಣೆ, ಆಮೇಲೆ ಕೀಲಿ, ಕೊನೆಗೆ ಲೋಡ್. ನಿಲ್ಲಿಸುವಾಗ ಮೊದಲು ಲೋಡ್, ಆಮೇಲೆ ಎಂಜಿನ್. ಅರ್ಧ ವಿದ್ಯೆ ಇಷ್ಟೇ. ಉಳಿದರ್ಧ, ಹೊಗೆಯ ಬಗ್ಗೆ ಎಚ್ಚರ.

ಒಳಗೆ ನಡೆಯೋದೇನು?

ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತೆ ಅಲ್ವಾ? ಡೀಸೆಲ್ ಎಂಜಿನ್ ಕೆಲಸ ಮಾಡೋದೂ ಹಾಗೇ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಎಷ್ಟು ಕಾಯುತ್ತದೆಂದರೆ, ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಕೊಡುವ ಪ್ಲಗ್ ಇದಕ್ಕೆ ಬೇಕಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು ಇದನ್ನೇ. ಕಿಡಿ ಬೇಡವಾದ್ದರಿಂದಲೇ ಕೆಲವು ಹಳೆಯ ಜನರೇಟರುಗಳು ಕೀಲಿ ಆಫ್ ಮಾಡಿದರೂ ಓಡುತ್ತಲೇ ಇರುತ್ತವೆ. ಡೀಸೆಲ್ ಬರುವುದನ್ನು ತಡೆಯುವ ಸ್ಟಾಪ್ ಲಿವರ್ ಎಳೆದರೇ ಅವು ನಿಲ್ಲೋದು. ನಿಮ್ಮದು ಯಾವ ಬಗೆಯದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಸ್ಟಾರ್ಟ್ ಮಾಡುವ ಮುನ್ನ

* ಸೆರಗು ಸಿಕ್ಕಿಸಿಕೊಳ್ಳಿ, ದುಪಟ್ಟಾ ತೆಗೆದಿಡಿ, ಜಡೆ ಗಂಟು ಹಾಕಿ. ಫ್ಯಾನ್ ಬೆಲ್ಟಿಗೆ ಸಿಕ್ಕ ಬಟ್ಟೆಯನ್ನು ಬಿಡಿಸಿಕೊಳ್ಳಲು ಸಮಯವೇ ಸಿಗೋದಿಲ್ಲ. ಬ್ಯಾಟರಿ ಮುಟ್ಟುವುದಿದ್ದರೆ ಲೋಹದ ಬಳೆ, ಉಂಗುರ ತೆಗೆದಿಡಿ.

* ಆಟೊಮ್ಯಾಟಿಕ್ ಆಗಿ ಶುರುವಾಗುವ ಜನರೇಟರ್ ಆದರೆ, ಬಾಗಿಲು ತೆರೆದು ಒಳಗೆ ಕೈಹಾಕುವ ಮೊದಲು ಪ್ಯಾನೆಲನ್ನು ಆಫ್ ಸ್ಥಿತಿಗೆ ತನ್ನಿ. ಇಲ್ಲದಿದ್ದರೆ ನಿಮ್ಮ ಕೈ ಒಳಗಿರುವಾಗಲೇ ಅದು ಸ್ಟಾರ್ಟ್ ಆಗಬಹುದು.

* ಎಂಜಿನ್ ಆಯಿಲ್ ನೋಡಿ. ಅಳತೆ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಎಂಜಿನ್ ಸವೆದು ಹಿಡಿದುಕೊಳ್ಳುತ್ತೆ. ‘ಇರಲಿ ಬಿಡಿ’ ಅಂತ ಮೇಲಿನ ಗುರುತು ದಾಟಿಸಿ ಸುರಿಯುವುದೂ ತಪ್ಪು.

* ರೇಡಿಯೇಟರ್ ಇರುವ ಎಂಜಿನ್ ಆದರೆ ನೀರಿನ ಮಟ್ಟ ನೋಡಿ, ಆದರೆ ತಣ್ಣಗಿರುವಾಗ ಮಾತ್ರ. ಆವಿ ಇಳಿಯುವ ಮುನ್ನ ಕುಕ್ಕರ್ ಮುಚ್ಚಳ ತೆಗೀತೀರಾ? ಇದೂ ಹಾಗೇ.

* ಡೀಸೆಲ್ ಎಷ್ಟಿದೆ ನೋಡಿ. ಎಂಜಿನ್ ಓಡುತ್ತಿರುವಾಗ ಡೀಸೆಲ್ ತುಂಬಿಸಬೇಡಿ.

ಕೀಲಿ ತಿರುಗಿಸಿ

ಜನರೇಟರಿನ ಬ್ರೇಕರ್ ಆಫ್ ಇರಲಿ. ಕೀಲಿ ತಿರುಗಿಸಿ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಸ್ಟಾರ್ಟ್ ಆಗದಿದ್ದರೆ ಅರ್ಧ-ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಮೂರು ಸಲಕ್ಕೂ ಆಗಲಿಲ್ಲವೇ? ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬ್ಯಾಟರಿ ಖಾಲಿ ಮಾಡಬೇಡಿ. ಒಮ್ಮೆ ಡೀಸೆಲ್ ಪೂರ್ತಿ ಮುಗಿದು ಪೈಪಿನಲ್ಲಿ ಗಾಳಿ ಸೇರಿಕೊಂಡರೆ, ಟ್ಯಾಂಕ್ ತುಂಬಿಸಿದ ಮಾತ್ರಕ್ಕೆ ಅದು ಏಳೋದಿಲ್ಲ. ಗಾಳಿ ಹೊರಗೆ ತೆಗೆಯಲೇಬೇಕು.

ಶುರುವಾದ ಕೂಡಲೇ ಆಯಿಲ್ ಪ್ರೆಶರ್ ದೀಪ ಆರಬೇಕು. ಕೆಲವು ಸೆಕೆಂಡಿನಲ್ಲಿ ಆರದಿದ್ದರೆ ನಿಲ್ಲಿಸಿಬಿಡಿ. ಆರಿದರೆ ಎರಡು-ಮೂರು ನಿಮಿಷ ಖಾಲಿ ಓಡಲಿ, ಎಣ್ಣೆ ಎಲ್ಲ ಭಾಗಕ್ಕೂ ಹರಡುತ್ತೆ. ಆಮೇಲೆ ಚೇಂಜ್‌ಓವರ್ ಸ್ವಿಚ್ಚನ್ನು ಜನರೇಟರ್ ಕಡೆಗೆ ತಿರುಗಿಸಿ, ಬ್ರೇಕರ್ ಆನ್ ಮಾಡಿ. ಲಿಫ್ಟ್ ಮೋಟಾರು, ನೀರಿನ ಪಂಪು ಶುರುವಾಗುವ ಕ್ಷಣದಲ್ಲಿ ಕರೆಂಟನ್ನು ಹಲವು ಪಟ್ಟು ಹೆಚ್ಚು ಎಳೆಯುತ್ತವೆ. ಅವೆರಡನ್ನೂ ಒಟ್ಟಿಗೆ ಹಾಕಬೇಡಿ. 10 ಕೆವಿಎ ಜನರೇಟರ್ ಅಂದರೆ ಸಾಮಾನ್ಯವಾಗಿ 8 ಕಿಲೋವ್ಯಾಟ್ ಅಷ್ಟೇ. 2 ಕಿಲೋವ್ಯಾಟಿನ ಗೀಸರ್ ನಾಲ್ಕು ಮನೆಯಲ್ಲಿ ಉರಿದರೆ ಲೆಕ್ಕ ಮುಗೀತು!

ನಿಲ್ಲಿಸುವಾಗ ಅವಸರ ಬೇಡ

ಕರೆಂಟ್ ಬಂತು ಅಂತ ಓಡಿಹೋಗಿ ಎಂಜಿನ್ ಆಫ್ ಮಾಡುವುದೇ ನಾವು ಮಾಡುವ ದೊಡ್ಡ ತಪ್ಪು. ಮೊದಲು ಬ್ರೇಕರ್ ಆಫ್ ಮಾಡಿ, ಚೇಂಜ್‌ಓವರ್ ಸ್ವಿಚ್ಚನ್ನು ಮೇನ್ಸ್ ಕಡೆಗೆ ತನ್ನಿ. ಎಂಜಿನ್ ಮೂರರಿಂದ ಐದು ನಿಮಿಷ ಖಾಲಿ ಓಡಿ ತಣ್ಣಗಾಗಲಿ. ಆಮೇಲೆ ಸ್ಟಾಪ್ ಒತ್ತಿ ಅಥವಾ ಲಿವರ್ ಎಳೆಯಿರಿ. ಬೆಂಕಿ, ವಿಚಿತ್ರ ಸದ್ದು, ಸುಟ್ಟ ವಾಸನೆ ಕಂಡುಬಂದರೆ ಮಾತ್ರ ತಕ್ಷಣ ನಿಲ್ಲಿಸಿ.

ಕಣ್ಣಿಗೆ ಕಾಣದ ಅಪಾಯ

ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಜೀವ ಹೋದರೆ? ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್‌ನಲ್ಲಿ ಇದರ ಪ್ರಮಾಣ ಕಡಿಮೆ ನಿಜ. ಆದರೆ ಮುಚ್ಚಿದ ಜಾಗದಲ್ಲಿ ಅಷ್ಟೇ ಸಾಕು. ಸಾಲದ್ದಕ್ಕೆ, ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2012ರಲ್ಲಿ ಹೇಳಿದೆ.

ಆದ್ದರಿಂದ ಮಳೆ ಬರ್ತಿದೆ ಅಂತ ಚಿಕ್ಕ ಜನರೇಟರನ್ನು ಬಾಲ್ಕನಿಗೆ, ಮೆಟ್ಟಿಲಿನ ಕೆಳಗೆ, ಸ್ಟೋರ್ ರೂಮಿಗೆ ತರಲೇಬೇಡಿ. ಬೇಸ್‌ಮೆಂಟಿನಲ್ಲಿದ್ದರೆ ಹೊಗೆ ಪೈಪು ಬಿರುಕಿಲ್ಲದೆ ಹೊರಗೆ ಹೋಗಿದೆಯೇ, ಅದರ ಬಾಯಿ ಯಾರ ಬೆಡ್‌ರೂಮ್ ಕಿಟಕಿಯ ಪಕ್ಕದಲ್ಲಿದೆ ಎಂದು ಪರೀಕ್ಷಿಸಿ. ಜನರೇಟರ್ ಓಡುವಾಗ ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು ಆಸ್ಪತ್ರೆಗೆ ಹೋಗಿ.

ಇನ್ನೊಂದು ಅಪಾಯ ಬೇರೆಯವರ ಜೀವದ್ದು. ಕೆಲವರು ಚಿಕ್ಕ ಜನರೇಟರಿನ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಆ ಕರೆಂಟು ಮೀಟರ್ ದಾಟಿ ಹೊರಗಿನ ಲೈನಿಗೆ ಹರಿಯುತ್ತೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ ಸಾವಿರಾರು ವೋಲ್ಟ್ ಆಗಿಬಿಡಬಹುದು. ‘ಕರೆಂಟಿಲ್ಲ’ ಎಂದು ಕಂಬ ಹತ್ತಿದ ಲೈನ್‌ಮನ್‌ನ ಗತಿ? ಚೇಂಜ್‌ಓವರ್ ಸ್ವಿಚ್ ಇರೋದು ಅದಕ್ಕೇ.

ಹೊಗೆ ಹೇಳುವ ಮಾತು

ಕಪ್ಪು ಹೊಗೆ: ಲೋಡ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ.
ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ.
ಬಿಳಿ ಹೊಗೆ: ಸ್ಟಾರ್ಟ್ ಆದಾಗ ಸ್ವಲ್ಪ ಬಂದರೆ ಸಹಜ. ಬಿಸಿಯಾದ ಮೇಲೂ ಬಿಡದಿದ್ದರೆ ಮೆಕ್ಯಾನಿಕ್ ನೋಡಲಿ.

ಆರೈಕೆಗೆ ಒಂದು ನೋಟ್‌ಬುಕ್

ಹಾಲಿನ ಲೆಕ್ಕ ಬರೆದಿಡುವ ನಮಗೆ ಇದು ಕಷ್ಟವೇ? ದಿನಾಂಕ, ಓಡಿದ ಗಂಟೆ, ಹಾಕಿದ ಡೀಸೆಲ್, ಆಯಿಲ್ ಬದಲಿಸಿದ ದಿನ, ಎಲ್ಲವನ್ನೂ ಬರೆದಿಡಿ. ಎಷ್ಟು ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕೆಂದು ಕೈಪಿಡಿಯಲ್ಲಿ ಇರುತ್ತೆ. ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸಿ. ತೆಗೆದ ಹಳೆಯ ಆಯಿಲನ್ನು ಮೋರಿಗೆ ಸುರಿಯಬೇಡಿ, ಮೆಕ್ಯಾನಿಕ್ ಕೈಯಲ್ಲೇ ಕಳಿಸಿ. ಏರ್ ಫಿಲ್ಟರಿನ ಕಾಗದದ ಭಾಗವನ್ನು ನೀರಲ್ಲಿ ತೊಳೆಯಬೇಡಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬೇಕಾದರೆ ಹಾಕಿಸಿ.

ಕರೆಂಟ್ ಹೋಗದ ತಿಂಗಳಲ್ಲೂ ಒಮ್ಮೆ ಅರ್ಧ ಗಂಟೆ ಓಡಿಸಿ, ಅದೂ ಲೋಡ್ ಹಾಕಿ. ಸದಾ ಖಾಲಿ ಓಡಿಸಿದರೆ ಪೂರ್ತಿ ಉರಿಯದ ಡೀಸೆಲ್ ಸೈಲೆನ್ಸರಿನಲ್ಲಿ ಜಿಡ್ಡು ಕಟ್ಟುತ್ತೆ. ಸದ್ದಿನ ಬಗ್ಗೆಯೂ ಗಮನವಿರಲಿ. 2005ರ ಜನವರಿ 1ರಿಂದ ತಯಾರಾದ ಜನರೇಟರುಗಳ ಸದ್ದು ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ಆ ಪೆಟ್ಟಿಗೆಯ ಬಾಗಿಲು ಮುಚ್ಚಿಯೇ ಓಡಿಸಿ.

ಈ ಭಾನುವಾರ ಮೆಕ್ಯಾನಿಕ್ ಬಂದಾಗ ಅಕ್ಕಪಕ್ಕದ ನಾಲ್ಕು ಜನ ಸೇರಿ, ಅವರ ಎದುರಿಗೇ ಒಬ್ಬೊಬ್ಬರೂ ಒಮ್ಮೆ ಸ್ಟಾರ್ಟ್ ಮಾಡಿ, ಒಮ್ಮೆ ನಿಲ್ಲಿಸಿ ನೋಡಿ. ಆ ಕ್ರಮವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಪ್ಯಾನೆಲ್ ಪಕ್ಕ ಅಂಟಿಸಿ. ಮುಂದಿನ ಸಲ ಲಿಫ್ಟಿನಲ್ಲಿ ಅಜ್ಜಿ ಸಿಕ್ಕಿಕೊಂಡಾಗ ‘ಹೆದರಬೇಡಿ ಅಜ್ಜಿ, ಐದೇ ನಿಮಿಷ’ ಎಂದು ಧೈರ್ಯವಾಗಿ ಹೇಳಬಹುದು!