ಅಮ್ಮನ ‘ಗ್ಯಾಸು’ ಮತ್ತು ಒಂದು ಪುಟ್ಟ ಪೈಪು

ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಪರೇಷನ್ ಮುಗಿಸಿ ಅಮ್ಮ ಹೊಸನಗರದ ಮನೆಗೆ ಬಂದು ನಾಲ್ಕು ದಿನ ಆಗಿತ್ತು. ಬೆಂಗಳೂರಿಂದ ಫೋನ್ ಮಾಡಿದೆ. “ಎಂತದೂ ಇಲ್ಲ ಮಾರಾಯ, ಸ್ವಲ್ಪ ಗ್ಯಾಸು. ಜೀರಿಗೆ ಕಷಾಯ ಕುಡಿದಿದೀನಿ” ಅಂದಳು. ಅಪ್ಪ ಫೋನ್ ಇಸ್ಕೊಂಡು, “ರಾತ್ರಿಯಿಂದ ಜ್ವರ, ಹೊಟ್ಟೆ ಉಬ್ಬಿದೆ ಕಣೋ” ಅಂದರು.

ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿದಾಗ, ತಡ ಮಾಡದೆ ಇಆರ್‌ಸಿಪಿ ಸೌಲಭ್ಯ ಇರುವಲ್ಲಿಗೆ ಹೋಗಿ ಅಂದರು. ಕಾರು ಹುಲಿಕಲ್ ಘಾಟಿ ಇಳಿದು ಕರಾವಳಿಯ ಆಸ್ಪತ್ರೆ ಸೇರಿತು. ಸ್ಕ್ಯಾನ್‌ನಲ್ಲಿ ಗೊತ್ತಾಯಿತು: ಪಿತ್ತಕೋಶ ತೆಗೆದ ಜಾಗದಲ್ಲಿ ಕ್ಲಿಪ್ ಹಾಕಿದ್ದ ನಾಳದ ತುದಿಯಿಂದ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತಿದೆ.

“ಮತ್ತೆ ಕೊಯ್ಯಬೇಕಾ?” ಅಪ್ಪನ ಪ್ರಶ್ನೆ.

“ಬೇಡ, ಬಾಯಿಂದಲೇ ಹೋಗ್ತೀವಿ” ಅಂದರು ಡಾಕ್ಟರು.

ಇದು ಹೇಗೆ ಕೆಲಸ ಮಾಡುತ್ತೆ?

ತೋಟದ ಪೈಪು ನಡುವೆ ಸೋರಿದರೆ ನಾವೇನು ಮಾಡ್ತೀವಿ? ತುದಿಯ ವಾಲ್ವ್ ಪೂರ್ತಿ ತೆರೆದರೆ ಒತ್ತಡ ಇಳಿದು ಸೋರಿಕೆ ಕಮ್ಮಿಯಾಗುತ್ತೆ. ಇಲ್ಲೂ ಅದೇ. ಪಿತ್ತನಾಳ ಸಣ್ಣಕರುಳು ಸೇರುವಲ್ಲಿ ಬಿಗಿಯಾದ ಸ್ನಾಯುವಿನ ಬಾಗಿಲಿದೆ. ಎಂಡೋಸ್ಕೋಪನ್ನು ಬಾಯಿಂದ ಅಲ್ಲಿವರೆಗೆ ಇಳಿಸಿ, ನಾಳದೊಳಗೆ ಪ್ಲಾಸ್ಟಿಕ್ ಸ್ಟೆಂಟ್ ಇಡುತ್ತಾರೆ. ಪಿತ್ತರಸ ಸುಲಭದ ದಾರಿ ಹಿಡಿದು ಕರುಳಿಗೆ ಹೋಗುತ್ತೆ, ತೂತು ತಾನಾಗಿ ಮಾಯುತ್ತೆ. ಆಗಲೇ ಹೊಟ್ಟೆಯಲ್ಲಿ ನಿಂತಿದ್ದ ಪಿತ್ತವನ್ನು ಹೊರಗಿಂದ ಬೇರೆ ಟ್ಯೂಬ್ ಹಾಕಿ ತೆಗೆದರು.

1968ರಲ್ಲಿ ರೋಗ ಪತ್ತೆಗೆಂದು ಶುರುವಾದ ಈ ವಿಧಾನ 1974ರ ಹೊತ್ತಿಗೆ ಚಿಕಿತ್ಸೆಗೂ ಬಂತು. ಹಾಗಂತ ಎಲ್ಲದಕ್ಕೂ ಇದೇ ಮದ್ದಲ್ಲ. ಮುಖ್ಯ ನಾಳವೇ ಪೂರ್ತಿ ತುಂಡಾಗಿದ್ದರೆ ಸರ್ಜರಿಯೇ ಬೇಕು. ಇಆರ್‌ಸಿಪಿ ನಂತರ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದೂ ಉಂಟು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಳ್ಳಿ.

ಮನೆಗೆ ಬಂದಮೇಲೆ ಇನ್ನೊಂದು ತಕರಾರು. ಸ್ಟೆಂಟನ್ನು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ತೆಗೆಸಬೇಕು. ಮರೆತರೆ ಅದೇ ಕಟ್ಟಿಕೊಂಡು ಸೋಂಕು ತರುತ್ತೆ. ಅಮ್ಮ “ಕೊನೆಕೊಯ್ಲು ಮುಗೀಲಿ, ಆಮೇಲೆ ನೋಡಣ” ಅಂದಳು. ನಾನು ಮೂವರ ಫೋನಲ್ಲೂ ರಿಮೈಂಡರ್ ಹಾಕಿದೆ. ಕೊಯ್ಲಿನ ನಡುವೆಯೇ ಘಾಟಿ ಇಳಿದು ತೆಗೆಸಿಕೊಂಡು ಬಂದೆವು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಪ್ಪ-ಅಮ್ಮನನ್ನು ಬಿಟ್ಟು ದೂರದಲ್ಲಿರುವ ನನ್ನಂಥವರಿಗೆ ಒಂದು ಮಾತು. ಆಪರೇಷನ್ ಆದಮೇಲೆ “ಹೇಗಿದೀಯಮ್ಮ?” ಅಂತ ಮಾತ್ರ ಕೇಳಬೇಡಿ, “ಚೆನ್ನಾಗಿದೀನಿ” ಅಂತಲೇ ಉತ್ತರ ಬರುತ್ತೆ. ಜ್ವರ ಎಷ್ಟಿದೆ, ನೋವು ದಿನಕ್ಕೆ ಇಳಿಯುತ್ತಿದೆಯಾ ಏರುತ್ತಿದೆಯಾ, ಹೊಟ್ಟೆ ಉಬ್ಬಿದೆಯಾ, ವಾಂತಿ ಇದೆಯಾ, ಕಣ್ಣು ಹಳದಿಯಾ ಅಂತ ಕೇಳಿ. ಇದರಲ್ಲಿ ಒಂದಕ್ಕೆ ಹೌದು ಅಂದರೂ ಕಷಾಯ ಆಮೇಲೆ, ಮೊದಲು ಡಾಕ್ಟರಿಗೆ ಫೋನು.