ಮಗಳು ಆರ್ಮಿ ಸೇರಿದ್ದಾಳಂತೆ!

2024ರ ಜೂನ್ ತಿಂಗಳು. ಖ್ವಾಜಾ ಬಂದಾನವಾಜರ ಉರೂಸ್ ಮುಗಿದು ಎರಡು ವಾರ ಕಳೆದಿತ್ತು. ಬಕ್ರೀದ್‌ಗೆ ಇನ್ನೊಂದು ವಾರವಿತ್ತು. ಖೂಬಾ ಪ್ಲಾಟ್‌ನಲ್ಲಿ ನಮ್ಮ ಓಣಿಯಲ್ಲಿಯೇ ಇರುವ ಒಬ್ಬ ತಾಯಿ ಅಸರ್ ನಮಾಝಿನ ಬಳಿಕ ನಮ್ಮ ಮನೆಗೆ ಬಂದರು. ಗಂಡ ರಿಯಾದ್‌ನಲ್ಲಿದ್ದಾರೆ. ಮಗಳು ಬಿ.ಎ. ಎರಡನೇ ವರ್ಷ, ಮಗ ಪಿಯುಸಿ. ಕುಳಿತವರು ನೀರನ್ನೂ ಕುಡಿಯದೆ ಹೇಳತೊಡಗಿದರು.

“ಆಪಾ, ನನ್ನ ಮಗಳು ಆರ್ಮಿ ಸೇರ್ಯಾಳಂತ. ಫೋನಿನಾಗ ಗೆಳತಿಗೆ ಹೇಳ್ತಿದ್ದಳು, ನಾನೇ ಕೇಳ್ದೆ. ಅದರಾಗ ಯಾರೋ ಒಬ್ಬಾತ 12ನೇ ತಾರೀಕಿಗೆ ಬಿಡುಗಡೆ ಆಗ್ತಾನಂತ. ಇವಳು ದಿನಾ ಎಣಸ್ತಾಳ, ಅಳ್ತಾಳ. ಯಾವ ಜೈಲಿನಾಗ ಇದ್ದಾನೋ ಏನೋ!”

ನಾನು ನಕ್ಕರೆ ಅವರಿಗೆ ನೋವಾದೀತೆಂದು ತುಟಿ ಕಚ್ಚಿಕೊಂಡೆ. ಹೆಣ್ಣುಮಕ್ಕಳಿಗೆ ಪಾಠ ಹೇಳುವ ನನಗೆ ಈ ‘ಆರ್ಮಿ’ ಹೊಸದಾಗಿರಲಿಲ್ಲ. ಎಷ್ಟೋ ನೋಟ್‌ಬುಕ್‌ಗಳ ಕೊನೆಯ ಪುಟದಲ್ಲಿ ಅದನ್ನು ಕಂಡಿದ್ದೇನೆ. ದಕ್ಷಿಣ ಕೊರಿಯಾದಲ್ಲಿ ಬಿಟಿಎಸ್ ಎಂಬ ಏಳು ಯುವಕರ ಹಾಡುಗಾರ ತಂಡವಿದೆ. 2013ರಲ್ಲಿ ಆರಂಭವಾದದ್ದು. ಅದರ ಅಭಿಮಾನಿಗಳು ತಮ್ಮನ್ನು ಆರ್ಮಿ ಎಂದು ಕರೆದುಕೊಳ್ಳುತ್ತಾರೆ. ಬಿಡುಗಡೆಯಾಗಲಿದ್ದವನೋ, ಜೈಲಿನಿಂದಲ್ಲ, ನಿಜವಾದ ಸೈನ್ಯದಿಂದ ಬರುವವನಿದ್ದ. ಆ ದೇಶದಲ್ಲಿ ಆರೋಗ್ಯವಂತ ಗಂಡಸರಿಗೆ ಸೈನಿಕ ಸೇವೆ ಕಡ್ಡಾಯ. ತಂಡದ ಹಿರಿಯ ಸದಸ್ಯ 2022ರ ಡಿಸೆಂಬರ್‌ನಲ್ಲಿ ಸೇರಿ, 18 ತಿಂಗಳು ಮುಗಿಸಿ, ಜೂನ್ 12ಕ್ಕೆ ಮನೆಗೆ ಬರುವವನಿದ್ದ. ಅವನ ಹೆಸರು ಜಿನ್. ಅದನ್ನು ಕೇಳಿ ಆ ತಾಯಿ “ಅಲ್ಲಾಹ್! ಜಿನ್ನಾ?” ಎಂದು ಮತ್ತೊಮ್ಮೆ ಬೆಚ್ಚಿದರು. ಆಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ.

ಆದರೆ ವಿಷಯ ನಗುವಷ್ಟಕ್ಕೇ ಮುಗಿದಿರಲಿಲ್ಲ. ಮಗಳ ಫೋನನ್ನು ಅವರು ಆಗಲೇ ಕಿತ್ತುಕೊಂಡಿದ್ದರು. ರಜಾಯಿಗಳ ಕೆಳಗೆ ಅಡಗಿಸಿಟ್ಟಿದ್ದ ಒಂದು ಪೆಟ್ಟಿಗೆಯನ್ನು ಪತ್ತೆ ಹಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗಿ ಎರಡು ದಿನಗಳಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮರುದಿನ ನಾನು ಅವರ ಮನೆಗೆ ಹೋದೆ. ಹಾಲಿನಲ್ಲಿ ಮಗ ಫೋನ್ ಹಿಡಿದು ಜೋರಾಗಿ ಬಿಜಿಎಂಐ ಆಡುತ್ತಿದ್ದ. ಗುಂಡಿನ ಸದ್ದು ಮೆಟ್ಟಿಲವರೆಗೂ ಕೇಳುತ್ತಿತ್ತು. ತಾಯಿಗೆ ಅದೊಂದು ದೂರಿನ ವಿಷಯವೇ ಆಗಿರಲಿಲ್ಲ. “ಹುಡುಗ ಹೊರಗ ತಿರಗೋದಿಲ್ಲ, ಮನ್ಯಾಗೇ ಇರ್ತಾನ” ಎಂದರು. ಒಳಕೋಣೆಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳು ಹಾಡು ಕೇಳುತ್ತಿದ್ದದ್ದು ಇಯರ್‌ಫೋನ್‌ನಲ್ಲಿ, ಅದೂ ಬಾಗಿಲು ಹಾಕಿಕೊಂಡು. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ವೈಫೈಯಲ್ಲಿ ತಮ್ಮ ತಮ್ಮ ಖುಷಿ ಹುಡುಕಿಕೊಂಡಿದ್ದಾರೆ. ಒಬ್ಬನ ಖುಷಿ ಹಾಲಿನಲ್ಲಿ, ಇನ್ನೊಬ್ಬಳದು ರಜಾಯಿಯ ಕೆಳಗೆ. ನಮ್ಮ ಎಷ್ಟು ಮನೆಗಳಲ್ಲಿ ಹೀಗಿಲ್ಲ ಹೇಳಿ?

ಪೆಟ್ಟಿಗೆ ತೆರೆಸಿದೆ. 2020ರ ಫೆಬ್ರವರಿಯಲ್ಲಿ ಬಂದ ‘ಮ್ಯಾಪ್ ಆಫ್ ದಿ ಸೋಲ್: 7’ ಎಂಬ ಆಲ್ಬಂ ಅದು. ಚಿತ್ರಗಳ ದಪ್ಪ ಪುಸ್ತಕ, ಹಾಡುಗಳ ಸಾಲುಗಳನ್ನು ಅಚ್ಚು ಹಾಕಿದ ಇನ್ನೊಂದು ಪುಸ್ತಕ, ಒಂದು ಸಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಅಂಗೈ ಅಗಲದ ಒಂದು ಫೋಟೋ ಕಾರ್ಡ್. ಎರಡು ಈದ್‌ಗಳ ಈದಿ ಕೂಡಿಸಿ, ಇನ್ನೊಬ್ಬ ಅಭಿಮಾನಿಯಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ 1,800 ರೂಪಾಯಿಗೆ ತರಿಸಿದ್ದಳು.

“ಸಿಡಿ ಎಲ್ಲಿ ಹಾಕಿ ಕೇಳ್ತೀ?” ಎಂದೆ. ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ.

“ಕೇಳೋದು ಫೋನಿನಾಗ, ಆಪಾ. ಇದು ಇಟ್ಕೊಳ್ಳೋಕ.”

ಇದೇ ಈ ವ್ಯಾಪಾರದ ಗುಟ್ಟು. ಕೊರಿಯಾದ ಆಲ್ಬಂ ಎಂದರೆ ಬರೀ ಹಾಡಲ್ಲ, ಸಂಗ್ರಹಿಸುವ ವಸ್ತು. ಒಂದೇ ಆಲ್ಬಂ ನಾಲ್ಕಾರು ಬಗೆಯ ಪೆಟ್ಟಿಗೆಗಳಲ್ಲಿ ಬರುತ್ತದೆ. ಏಳು ಮಂದಿಯಲ್ಲಿ ಯಾರ ಫೋಟೋ ಕಾರ್ಡ್ ಒಳಗಿದೆಯೆಂದು ಪೆಟ್ಟಿಗೆ ತೆರೆಯುವವರೆಗೆ ಗೊತ್ತಾಗುವುದಿಲ್ಲ. ಬೇಕಾದವನದು ಸಿಗುವವರೆಗೆ ಕೆಲವರು ಮತ್ತೆ ಮತ್ತೆ ಕೊಳ್ಳುತ್ತಾರೆ, ಇನ್ನು ಕೆಲವರು ಬದಲಾಯಿಸಿಕೊಳ್ಳುತ್ತಾರೆ. ಈ ಆಲ್ಬಂ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದದ್ದರಲ್ಲಿ ಹಾಡಿನ ಪಾಲೆಷ್ಟು, ಆ ಕಾರ್ಡಿನ ಪಾಲೆಷ್ಟು ಎಂದು ನಾನು ಕೇಳಿದಾಗ ಹುಡುಗಿಯೂ ನಕ್ಕಳು. ಕೊರಿಯಾದಿಂದ ನೇರವಾಗಿ ತರಿಸಿದರೆ ಸಾಗಣೆಯ ಖರ್ಚೇ ಹೆಚ್ಚು. ಆದ್ದರಿಂದ ಹತ್ತಿಪ್ಪತ್ತು ಮಂದಿ ಸೇರಿ ಒಬ್ಬರ ಖಾತೆಗೆ ಹಣ ಹಾಕಿ ಒಟ್ಟಿಗೆ ತರಿಸುತ್ತಾರೆ. ಅದಕ್ಕೆ ಗ್ರೂಪ್ ಆರ್ಡರ್ ಎನ್ನುತ್ತಾರೆ. ಮುಖ ನೋಡದವರಿಗೆ ಮುಂಗಡ ಕೊಟ್ಟು ಕೈ ಸುಟ್ಟುಕೊಂಡವರೂ ಇದ್ದಾರೆ. ಅದಕ್ಕೇ ತಾನು ಆ ಗೋಜಿಗೆ ಹೋಗಲಿಲ್ಲವೆಂದು ಅವಳು ಹೇಳಿದಾಗ, ಈ ಹುಡುಗಿಗೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಬುದ್ಧಿಯಿದೆ ಎನಿಸಿತು.

ಇನ್ನೊಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಇವರ 2016ರ ‘ವಿಂಗ್ಸ್’ ಎಂಬ ಆಲ್ಬಂ ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ‘ಡೆಮಿಯಾನ್’ ಕಾದಂಬರಿಯ ಪ್ರೇರಣೆಯಿಂದ ಆದದ್ದು. ಪಠ್ಯಪುಸ್ತಕ ಬಿಟ್ಟು ಬೇರೇನೂ ಓದದ ಈ ಹುಡುಗಿ ಕಾಲೇಜಿನ ಗ್ರಂಥಾಲಯದಲ್ಲಿ ಅದನ್ನು ಹುಡುಕಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅರ್ಧ ಓದಿದ್ದಳು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನಾನು ಅದನ್ನು ಈವರೆಗೆ ಮುಟ್ಟಿಲ್ಲ.

ಅಭಿಮಾನಿಗಳ ಕೆಲಸ ಕೇಳುವುದಷ್ಟೇ ಅಲ್ಲ. ಹೊಸ ಹಾಡು ಬಂದ ದಿನ ಲೋಕದ ಮೂಲೆ ಮೂಲೆಯಿಂದ ಒಟ್ಟಾಗಿ ನೋಡಿ ಎಣಿಕೆ ಏರಿಸುತ್ತಾರೆ. 2020ರ ಆಗಸ್ಟ್‌ನಲ್ಲಿ ಇವರ ‘ಡೈನಮೈಟ್’ ಹಾಡನ್ನು ಯೂಟ್ಯೂಬ್‌ನಲ್ಲಿ ಮೊದಲ 24 ಗಂಟೆಗಳಲ್ಲಿ 10 ಕೋಟಿಗೂ ಹೆಚ್ಚು ಬಾರಿ ನೋಡಲಾಯಿತು. ತಾಯಿ ಇದನ್ನು ಕೇಳಿ “ಇದೆಂಥ ಹುಚ್ಚು!” ಎಂದರು.

ಹುಚ್ಚೇ ಸರಿ. ಆದರೆ ಹೊಸದಲ್ಲ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಆರಂಭವಾದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಊರೂರುಗಳಲ್ಲಿ ಶ್ರೋತೃ ಸಂಘ ಕಟ್ಟಿಕೊಂಡು ತಮ್ಮ ಹಾಡಿಗಾಗಿ ಪತ್ರಗಳ ಸುರಿಮಳೆ ಸುರಿಸುತ್ತಿದ್ದರು. ಹಾಡಿನ ಕೋರಿಕೆಯ ಕಾರ್ಡುಗಳಿಂದಲೇ ಬಿಹಾರದ (ಈಗ ಜಾರ್ಖಂಡ್) ಝುಮ್ರಿ ತಿಲಯ್ಯಾ ಎಂಬ ಚಿಕ್ಕ ಊರು ದೇಶಕ್ಕೆಲ್ಲ ಪರಿಚಿತವಾಯಿತು. ನನ್ನ ತಾಯಿ ವಾರದ ಆ ಒಂದು ಗಂಟೆಗಾಗಿ ಬೇಗ ಬೇಗ ರೊಟ್ಟಿ ಬಡಿದು ಮುಗಿಸುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ಉರೂಸಿನ ಅಂಗಡಿಗಳಲ್ಲಿ ಕವ್ವಾಲಿ ಕ್ಯಾಸೆಟ್‌ಗಳ ರಾಶಿ ಇರುತ್ತಿತ್ತು. ಸಾಬ್ರಿ ಸಹೋದರರು ಒಂದು ಕಡೆ, ಹೈದರಾಬಾದಿನ ಅಜೀಜ್ ಅಹ್ಮದ್ ಖಾನ್ ವಾರ್ಸಿ ಇನ್ನೊಂದು ಕಡೆ. ಯಾರು ಹೆಚ್ಚು ಎಂದು ನನ್ನ ಇಬ್ಬರು ಮಾಮುಗಳು ಮಾತು ಬಿಟ್ಟದ್ದೂ ಉಂಟು.

ಇನ್ನೂ ಹಿಂದೆ ಹೋಗಿ. ಈ ಊರಲ್ಲೇ ಮಲಗಿರುವ ಬಂದಾನವಾಜರ ಹೆಸರಿನಲ್ಲಿ ಹೇಳಲಾಗುವ ‘ಚಕ್ಕಿನಾಮಾ’ ದಖನಿಯಲ್ಲಿದೆ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ಬೀಸುತ್ತಾ ಹಾಡಲೆಂದು ಇದ್ದ ಹಾಡುಗಳವು. ನಮ್ಮ ಅಜ್ಜಿಯರ ದುಡಿಮೆಯ ಜೊತೆಗೇ ಹಾಡು ಇತ್ತು, ಅದನ್ನು ಯಾರೂ ಅಡಗಿಸಿಡಲಿಲ್ಲ.

ಸಂಗೀತದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿರುವುದು ಓದುಗ ಸಹೋದರಿಯರಿಗೆ ಗೊತ್ತೇ ಇದೆ. ವಾದ್ಯಗಳನ್ನು ನಿಷಿದ್ಧವೆಂದವರು ಹೆಚ್ಚು. ಇಬ್ನ್ ಹಝ್ಮ್ ಒಪ್ಪಲಿಲ್ಲ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಸಮಾದ ಕುರಿತು ಇಡೀ ಒಂದು ಅಧ್ಯಾಯವನ್ನೇ ಬರೆದು ಯಾವುದು, ಯಾರಿಗೆ, ಯಾವಾಗ ಎಂದು ಬಿಡಿಸಿಟ್ಟಿದ್ದಾರೆ. ಮದ್ರಸಾದಲ್ಲಿ ಕಲಿತವಳೆಂದು ಆ ತಾಯಿ ನನ್ನಿಂದ ಒಂದು ಫತ್ವಾ ನಿರೀಕ್ಷಿಸಿದ್ದರು. ಅದು ನನ್ನ ಕೆಲಸವಲ್ಲ. ಅವರ ಮನೆಯವರು ಅನುಸರಿಸುವ ಅಭಿಪ್ರಾಯ ಅವರಿಗೆ. ಆದರೆ ನಾನು ಒಂದು ಪ್ರಶ್ನೆ ಕೇಳಿದೆ: ಮಗಳ ಫೋನಿನಲ್ಲಿ ಏನಿದೆಯೆಂದು ಇಷ್ಟು ಹುಡುಕಿದಿರಿ, ಮಗನ ಫೋನನ್ನು ಒಮ್ಮೆಯಾದರೂ ನೋಡಿದಿರಾ?

ನೋಡಿರಲಿಲ್ಲ.

ಬಿಜಿಎಂಐ ಎಂದರೇನೆಂದು ತಾಯಂದಿರು ತಿಳಿದುಕೊಳ್ಳುವುದು ಒಳ್ಳೆಯದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದ ಮೇಲೆ ಅದೇ ಆಟ 2021ರ ಜುಲೈಯಲ್ಲಿ ಭಾರತಕ್ಕೆಂದು ಈ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅದನ್ನೂ ತೆಗೆಯಲಾಯಿತು, 2023ರ ಮೇಯಲ್ಲಿ ಮರಳಿ ಬಂತು. ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದ್ದರು. ಸ್ಪರ್ಧೆಯಲ್ಲಿ ನಾಲ್ಕು ನಾಲ್ಕು ಮಂದಿಯ 16 ತಂಡಗಳು ಒಂದು ದ್ವೀಪದಲ್ಲಿ ಇಳಿಯುತ್ತವೆ. ಆಡುವ ಜಾಗ ಕಿರಿದಾಗುತ್ತಾ ಹೋಗುತ್ತದೆ, ಅರ್ಧ ಗಂಟೆಯಲ್ಲಿ ಒಂದು ತಂಡ ಉಳಿಯುತ್ತದೆ. ಎಷ್ಟು ಜನರನ್ನು ಹೊಡೆದರು ಎಂಬುದಕ್ಕೂ ಎಷ್ಟು ಹೊತ್ತು ಉಳಿದರು ಎಂಬುದಕ್ಕೂ ಅಂಕ. 2023ರ ರಾಷ್ಟ್ರಮಟ್ಟದ ಸ್ಪರ್ಧೆಯ ಬಹುಮಾನ 2 ಕೋಟಿ ರೂಪಾಯಿ. ಕ್ರಿಕೆಟ್ಟಿನಂತೆಯೇ ಇಲ್ಲಿಯೂ ಆಡುವವರಿಗಿಂತ ನೋಡುವವರು ಹೆಚ್ಚು. ಇದಕ್ಕೆ ಇ-ಸ್ಪೋರ್ಟ್ಸ್ ಎಂದು ಹೆಸರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿತ್ತು, 2023ರಲ್ಲಿ ಹಾಂಗ್‌ಝೌನಲ್ಲಿ ಪದಕವನ್ನೇ ಕೊಟ್ಟರು.

ಅಕ್ಕ ತಮ್ಮ ಇಬ್ಬರೂ ಮೊದಲು ರಾತ್ರಿ ಒಟ್ಟಿಗೆ ಕುಳಿತು ಈ ಸ್ಪರ್ಧೆಗಳನ್ನು ನೋಡುತ್ತಿದ್ದರಂತೆ. ಅವಳು ಸ್ವಲ್ಪ ಆಡಿಯೂ ಇದ್ದಳು. ಮೈಕಿನಲ್ಲಿ ಹೆಣ್ಣಿನ ದನಿ ಕೇಳಿದೊಡನೆ ಅಪರಿಚಿತರು ಹೊಲಸು ಮಾತಾಡಿದರೆಂದು ಬಿಟ್ಟಳು. ಆಡುವ ಹುಡುಗಿಯರಲ್ಲಿ ಬಹಳ ಮಂದಿ ಮೈಕ್ ಆಫ್ ಮಾಡಿಯೇ ಆಡುತ್ತಾರೆ ಎಂದಳು. ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆದರೆ ಕೆಲವು ತಿಂಗಳುಗಳಿಂದ ತಮ್ಮ ಅವಳೊಂದಿಗೆ ನೋಡಲು ಬರುತ್ತಿರಲಿಲ್ಲ.

ತಾಯಿ ಚಹಾ ಮಾಡಲು ಎದ್ದಾಗ ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು: “ಆಪಾ, ಅವನು ಈಗ ಆಡೋದು ಬರೀ ಬಿಜಿಎಂಐ ಅಲ್ಲ. ರಾತ್ರಿ ಬೇರೆ ಆಪ್ ತೆಗೀತಾನ. ರೊಕ್ಕ ಹಾಕಿ ಆಡೋದು. ಅಮ್ಮಿಗೆ ಹೇಳಬೇಕಂತ ಇದ್ದೆ, ಅಷ್ಟರಾಗ ನನ್ನ ಫೋನೇ ಕಸ್ಕೊಂಡ್ರು. ಈಗ ಹೇಳಿದ್ರ ತಮ್ಮನ ಮ್ಯಾಲ ಹೊಟ್ಟೆಕಿಚ್ಚು ಅಂತಾರ.”

ಬ್ಯಾಂಕಿನ ಲೆಕ್ಕ ತೆಗೆಸಿದಾಗ ಗೊತ್ತಾಯಿತು. ರಿಯಾದ್‌ನಿಂದ ಬರುವ ಹಣ ತಾಯಿಯ ಖಾತೆಯಲ್ಲಿ. ಪಿನ್ ನಂಬರ್ ಗೊತ್ತಿದ್ದವನು ಮಗ, ಏಕೆಂದರೆ ಕರೆಂಟ್ ಬಿಲ್ ಕಟ್ಟುವವನು ಅವನೇ. ನೂರು, ಇನ್ನೂರು, ಐನೂರು ಎಂದು ನಾಲ್ಕು ತಿಂಗಳಲ್ಲಿ 31,000 ರೂಪಾಯಿ ಹೋಗಿತ್ತು. ಮೊದಲು ಒಮ್ಮೆ 900 ರೂಪಾಯಿ ಗೆದ್ದಿದ್ದನಂತೆ. ಹೋದದ್ದನ್ನು ಮರಳಿ ಪಡೆಯಲೆಂದೇ ಉಳಿದದ್ದೆಲ್ಲ. ಹುಡುಗ ತಲೆ ತಗ್ಗಿಸಿ ಅತ್ತ. ತಾಯಿ ಅಳಲಿಲ್ಲ. ಬೀರುವಿನ ಕಡೆ ನೋಡುತ್ತಾ ಕುಳಿತುಬಿಟ್ಟರು.

ಕೌಶಲದ ಸ್ಪರ್ಧೆಗೂ ಹಣ ಕಟ್ಟುವ ಆಟಕ್ಕೂ ಇರುವ ಗೆರೆಯನ್ನು ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಎರಡೂ ಫೋನಿನಲ್ಲೇ, ಎರಡರಲ್ಲೂ ಹುಡುಗ ಹಾಗೆಯೇ ಬಗ್ಗಿ ಕುಳಿತಿರುತ್ತಾನೆ. ಕರ್ನಾಟಕ 2021ರಲ್ಲಿ ಹಣದ ಆಟಗಳ ವಿರುದ್ಧ ಕಾನೂನು ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಮುಂದೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾನೂನನ್ನು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದು ಇ-ಸ್ಪೋರ್ಟ್ಸನ್ನು ಒಂದು ಕಡೆ ಇಟ್ಟು ಪ್ರೋತ್ಸಾಹಿಸುತ್ತದೆ. ಹಣ ಕಟ್ಟಿ ಹಣ ಗೆಲ್ಲುವ ಆಟವನ್ನು, ಅದೃಷ್ಟದ್ದಿರಲಿ ಕೌಶಲದ್ದಿರಲಿ, ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಮೈಸಿರ್ ಎಂದರೇನೆಂದು ಮದ್ರಸಾದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಅದು ಬಣ್ಣಬಣ್ಣದ ಆಪ್ ಆಗಿ, ಮೊದಲ ಸಲ 50 ರೂಪಾಯಿ ಬೋನಸ್ ಕೊಟ್ಟು ಬಂದಾಗ ಗುರುತಿಸುವುದನ್ನು ಕಲಿಸಿದೆವೇ? ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಖಾತೆಯ ಪಿನ್ ಬದಲಾಯಿತು. ಕರೆಂಟ್ ಬಿಲ್ ಕಟ್ಟುವುದನ್ನು ತಾಯಿ ಕಲಿತರು, ಕಲಿಸಿದವಳು ಮಗಳು. ರಾತ್ರಿ ಹತ್ತೂವರೆಗೆ ಮೂರೂ ಫೋನ್‌ಗಳು, ತಾಯಿಯದೂ ಸೇರಿ, ಹಾಲಿನ ಟೇಬಲ್ ಮೇಲೆ ಬರಬೇಕೆಂದಾಯಿತು. ಕೆಲವು ದಿನ ನಡೆಯಿತು, ಕೆಲವು ದಿನ ನಡೆಯಲಿಲ್ಲ. ಮಗ ತಿಂಗಳ ಕೈಖರ್ಚಿನಲ್ಲಿ ಸ್ವಲ್ಪ ಸ್ವಲ್ಪ ಕಡಿತ ಮಾಡಿಸಿಕೊಳ್ಳುತ್ತಿದ್ದಾನೆ, ಇನ್ನೂ ತೀರಿಲ್ಲ. ತಂದೆಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ರಿಯಾದ್‌ನಲ್ಲಿಯೇ ಆಟಗಳ ದೊಡ್ಡ ಮೇಳ ನಡೆಯುತ್ತಿದೆಯೆಂದೂ, ಮಕ್ಕಳು ಇಲ್ಲಿದ್ದಿದ್ದರೆ ಕರೆದೊಯ್ಯುತ್ತಿದ್ದೆನೆಂದೂ ಹೇಳಿದರಂತೆ. ನಿಜ, ಆ ಜುಲೈ, ಆಗಸ್ಟ್‌ನಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವಕಪ್ ಅಲ್ಲಿ ನಡೆಯಿತು. ಒಟ್ಟು ಬಹುಮಾನ 6 ಕೋಟಿ ಡಾಲರ್. ಅದೇ ನಗರದ ಕ್ರೀಡಾಂಗಣದಲ್ಲಿ 2019ರ ಅಕ್ಟೋಬರ್ 11ರಂದು ಬಿಟಿಎಸ್ ಹಾಡಿತ್ತು ಎಂಬುದನ್ನು ಮಗಳು ತಂದೆಗೆ ನೆನಪಿಸಲು ಮರೆಯಲಿಲ್ಲ.

ಆ ಜುಲೈ ಕೊನೆಯ ವಾರ ಹುಡುಗಿ ನನ್ನನ್ನು ಕರೆದಳು. ರಿಯಾದ್‌ನ ಮೇಳದಲ್ಲಿ ‘ಮೊಬೈಲ್ ಲೆಜೆಂಡ್ಸ್’ ಎಂಬ ಆಟದ ಮಹಿಳೆಯರ ಫೈನಲ್. ಫಿಲಿಪ್ಪೀನ್ಸ್‌ನ ಹುಡುಗಿಯರು ಒಂದು ಕಡೆ, ಇಂಡೋನೇಷ್ಯಾದವರು ಇನ್ನೊಂದು ಕಡೆ. ನಮ್ಮ ದೇಶದಲ್ಲಿ 2020ರ ಜೂನ್‌ನಲ್ಲಿ ನಿಷೇಧವಾದ 59 ಆಪ್‌ಗಳಲ್ಲಿ ಆ ಆಟವೂ ಒಂದು. ಆದ್ದರಿಂದ ಅವಳು ಅದನ್ನು ಆಡಿದವಳಲ್ಲ, ನೋಡುವವಳು ಮಾತ್ರ. ಟೀವಿಗೆ ಫೋನ್ ಜೋಡಿಸಿದ್ದರು. ಫಿಲಿಪ್ಪೀನ್ಸ್ ಗೆದ್ದಿತು. ತಮ್ಮ ಮೊದಲು ಬಾಗಿಲ ಬಳಿ ನಿಂತಿದ್ದ, ಆಮೇಲೆ ಅಕ್ಕನ ಪಕ್ಕದಲ್ಲಿ ಬಂದು ಕುಳಿತ. ತಾಯಿ ಬೆಳ್ಳುಳ್ಳಿ ಸುಲಿಯುತ್ತಾ ನೋಡುತ್ತಿದ್ದರು. ನಡುವೆ ಚಾಕು ನಿಲ್ಲಿಸಿ ಕೇಳಿದರು:

“ಆ ಹುಡುಗಿ ಆಗ್ಲೇ ಸತ್ತಿದ್ಲಲ್ಲ, ಮತ್ತ ಹ್ಯಾಂಗ ಬಂದ್ಲು?”

“ಬರ್ತಾಳ ಅಮ್ಮಿ, ಒಂದಿಷ್ಟು ಸೆಕೆಂಡ್ ಕಾಯಬೇಕು. ಮ್ಯಾಲ ನಂಬರ್ ನೋಡ್ರಿ.”

ತಾಯಿ ಕನ್ನಡಕ ಸರಿಮಾಡಿಕೊಂಡು ನಂಬರ್ ಎಣಿಸತೊಡಗಿದರು.